ಪ್ಲಾಸ್ಟಿಕ್ಕಿನೊಳಗಿನ ರಾಣಿ

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅವಳನ್ನು ಅಂಟಕ್ಕ ಎಂದು ಕರೆಯದವರಿಲ್ಲ. ಕಚೇರಿಯ ಕಡತದಲ್ಲಿ ಬೇರೊಂದು ಹೆಸರು ಇದ್ದೇ ಇರಬೇಕು, ಇರದೆ ಎಲ್ಲಿ ಹೋದೀತು. ಆದರೆ ಆ ಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುವುದು ಅನುಮಾನ. ಹರಿದ ಹಳೆಯ ಕಾಗದಕ್ಕೆ ಅಂಟು ಹಚ್ಚಿ ಜೋಡಿಸುವುದು ಅವಳ ಕೆಲಸ. ಮೇಲಿನ ಮಹಡಿಯ ಮೂಲೆಯಲ್ಲಿ, ‘ವಿಶೇಷ ಸಂಗ್ರಹ’ ಎಂಬ ಹಲಗೆಯ ಬಾಗಿಲಿನೊಳಗೆ, ಕಿಟಕಿಯ ಪಕ್ಕದ ಉದ್ದನೆಯ ಮೇಜು ಅವಳದು. ಮೈದಾಹಿಟ್ಟನ್ನು ನೀರಲ್ಲಿ ಕದಡಿ, ಸಣ್ಣ ಉರಿಯಲ್ಲಿ ಗಂಟಾಗದಂತೆ ಕುದಿಸಿ, ಹುಳ ಮುಟ್ಟದಿರಲಿ ಎಂದು ಚಿಟಿಕೆ ಮೈಲುತುತ್ತ ಹಾಕಿ, ತಣಿಸಿ, ಬಟ್ಟೆಯಲ್ಲಿ ಸೋಸಿದರೆ ಆ ದಿನದ ಅಂಟು ಸಿದ್ಧ. ಆಮೇಲೆ ಕುಂಚ, ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಾಗದ, ಒತ್ತಿಡಲು ಬಟ್ಟೆ ಸುತ್ತಿದ ಕಲ್ಲು. ಇಷ್ಟೇ ಅವಳ ಸಾಮ್ರಾಜ್ಯ.

ಆ ವಿಭಾಗದಲ್ಲೂ ಮೇಲುಕೀಳು ಇತ್ತು. ಎಲ್ಲಿಲ್ಲ ಹೇಳಿ? ಕೈಬರಹದ ಹಳೆಯ ಪುಸ್ತಕಗಳು, ಚರ್ಮದ ಹೊದಿಕೆಯ ಹಸ್ತಪ್ರತಿಗಳು ದೊಡ್ಡ ಮನುಷ್ಯರು. ಅವುಗಳಿಗೆ ಗಾಜಿನ ಕಪಾಟು, ಕೀಲಿಕೈ, ಮುಟ್ಟುವ ಮುಂಚೆ ಕೈಗವಸು. ಉಳಿದದ್ದು ‘ಚಿಲ್ಲರೆ’. ಹ್ಯಾಂಡ್‌ಬಿಲ್ಲು, ಸಿನೆಮಾ ಟಿಕೆಟ್ಟು, ಬೆಂಕಿಪೊಟ್ಟಣದ ಚೀಟಿ, ಸಭೆಯ ಆಮಂತ್ರಣ, ಸೋಪಿನ ಹೊದಿಕೆ, ಅಂದರೆ ಜನ ಓದಿ ಬಿಸಾಡಿದ್ದೆಲ್ಲ, ಸೆಣಬಿನ ದಾರದಲ್ಲಿ ಕಟ್ಟಿಸಿಕೊಂಡು ಹಿಂದಿನ ಕೋಣೆಯ ಕಬ್ಬಿಣದ ಹಲಗೆಗಳ ಮೇಲೆ ಬಿದ್ದಿರುತ್ತಿತ್ತು. ಅದನ್ನು ಕೇಳಿಕೊಂಡು ಬರುವವರು ಅಪರೂಪ. ಬಂದವರೂ ಧೂಳಿಗೆ ಸೀನಿ, ನಾಳೆ ಬರುತ್ತೇನೆ ಎಂದು ಹೋಗಿಬಿಡುತ್ತಿದ್ದರು.

ಆ ಚಿಲ್ಲರೆಯ ರಾಶಿಯಲ್ಲೇ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಅಂಟಕ್ಕನಿಗೆ ತನ್ನ ಅಕ್ಕ ಸಿಕ್ಕಿದ್ದು.

ಅಕ್ಕ ಹದಿಹರೆಯದಲ್ಲಿ ಮನೆ ಬಿಟ್ಟು ನಾಟಕದ ಕಂಪನಿ ಸೇರಿದವಳು. ಕಂಪನಿ ಎಂದರೆ ಲಾರಿಯಲ್ಲಿ ಪರದೆ, ಸಿಂಹಾಸನ, ಬಣ್ಣದ ಪೆಟ್ಟಿಗೆ ಹೇರಿಕೊಂಡು ಊರೂರು ಸುತ್ತುವ ಗುಂಪು. ಅವಳು ಹೋದ ಮರುದಿನವೇ ಅಪ್ಪ ಮನೆಯಲ್ಲಿದ್ದ ಅವಳ ಫೋಟೋಗಳನ್ನೆಲ್ಲ ಒಲೆಗೆ ಹಾಕಿದ. ಮನೆಮಂದಿಯೆಲ್ಲ ನಿಂತಿದ್ದ ಫೋಟೋದಿಂದಲೂ ಅವಳನ್ನು ಕತ್ತರಿಯಿಂದ ಕತ್ತರಿಸಿ ತೆಗೆದ. ಆ ಫೋಟೋದಲ್ಲಿ ಪುಟ್ಟ ತಂಗಿಯ ಹೆಗಲ ಮೇಲೆ ಒಂದು ಕೈ ಮಾತ್ರ ಉಳಿಯಿತು. ಕೋಪ ಬಂದರೆ ಅನ್ನ ಬಿಡುವವರುಂಟು, ಮಾತು ಬಿಡುವವರುಂಟು; ಈ ಮನುಷ್ಯ ಹೆತ್ತ ಮಗಳ ಮುಖವನ್ನೇ ಸುಟ್ಟ. ಅದೇ ಅಪ್ಪ ಹಾಸಿಗೆ ಹಿಡಿದಾಗ ವಾಪಸು ಬಂದು ಮೈ ಒರೆಸಿದವಳು ಅದೇ ಅಕ್ಕ. ಆ ಹೊತ್ತಿಗೆ ಕಂಪನಿ ಮುಚ್ಚಿತ್ತು, ಅವಳ ಗಂಟಲೂ ಬಿದ್ದಿತ್ತು. ಹೊಲಿಗೆ ಯಂತ್ರದ ಮುಂದೆ ಕೂತು ತಂಗಿಯನ್ನು ಓದಿಸಿದಳು. ಅಣ್ಣ ಅತ್ತಿಗೆ ಇಬ್ಬರೂ ಬೇಗ ತೀರಿಹೋದ ಮೇಲೆ ಅವರ ಮಗನನ್ನೂ ಸಾಕಿದಳು.

ಅವಳು ಕಂಪನಿಯಲ್ಲಿ ರಾಣಿಯ ಪಾತ್ರ ಮಾಡುತ್ತಿದ್ದಳು. ಬಹಳ ಕಾಲವೇನಲ್ಲ. ಒಂದು ಊರಿನ ಆಟ ಮುಗಿದು ಮುಂದಿನ ಊರಿಗೆ ಹೋಗುವಷ್ಟರಲ್ಲಿ ಜ್ವರ ಬಂದು ದನಿ ಹೋಯಿತು. ಆ ಜಾಗಕ್ಕೆ ಇನ್ನೊಬ್ಬಳು ಬಂದಳು. ಅಕ್ಕನಿಗೆ ಆಮೇಲೆ ಉಳಿದದ್ದು ಅದೇ ರಾಣಿಗೆ ಚಾಮರ ಬೀಸುವ ಸಖಿಯ ಪಾತ್ರ. ಮಾತಿಲ್ಲದ ಪಾತ್ರ, ದನಿ ಬೇಕಿಲ್ಲವಲ್ಲ. ಕಂಪನಿಯ ಮಾಲೀಕ ಬುದ್ಧಿವಂತ. ಹ್ಯಾಂಡ್‌ಬಿಲ್ಲಿನಲ್ಲಿ ನಟಿಯರ ಹೆಸರು ಹಾಕಿಸುತ್ತಿರಲಿಲ್ಲ. ಹೆಸರು ಹಾಕಿದರೆ ನಾಳೆ ತಲೆಯ ಮೇಲೆ ಕೂರುತ್ತಾರೆ ಎಂಬುದು ಅವನ ತರ್ಕ. ಯಾರೇ ಆ ಪಾತ್ರ ಮಾಡಲಿ, ಕಿರೀಟ ತೊಟ್ಟ ಮುಖ ಒಂದು, ಅದರ ಕೆಳಗೆ ದಪ್ಪಕ್ಷರದಲ್ಲಿ ‘ನಮ್ಮ ಕಂಪನಿಯ ರಾಣಿ’, ಅಷ್ಟೇ.

ಗುಜರಿಯವನಿಂದ ಬಂದ ಒಂದು ಕಂತೆ ಬಿಚ್ಚುತ್ತಿದ್ದಾಗ ಆ ಅಕ್ಷರ ಅಂಟಕ್ಕನ ಕಣ್ಣಿಗೆ ಬಿತ್ತು. ಮೇಲೆ ಅಕ್ಕ. ಅಗಲ ಹಣೆ, ಸ್ವಲ್ಪ ಮೇಲೆದ್ದ ಎಡಹುಬ್ಬು, ನಗಬಾರದೆಂದು ಬಿಗಿಹಿಡಿದರೂ ನಗುತ್ತಿದ್ದ ತುಟಿ. ಇಪ್ಪತ್ತು ದಾಟಿರದ ಅಕ್ಕ. ಅಂಟಕ್ಕ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಕಂತೆಯಲ್ಲಿದ್ದ ಬೇರೆ ಹ್ಯಾಂಡ್‌ಬಿಲ್ಲುಗಳಲ್ಲೆಲ್ಲ ಆ ಇನ್ನೊಬ್ಬಳದೇ ಮುಖ. ಅಕ್ಕನದು ಅದೊಂದೇ.

ಸಂಜೆ ಮನೆಗೆ ಓಡಿದಳು. ಅಕ್ಕ ಸೂಜಿಗೆ ದಾರ ಪೋಣಿಸುತ್ತಾ ಕೇಳಿಸಿಕೊಂಡಳು.

“ಕಿರೀಟ ನೆಟ್ಟಗಿದೆಯೇನೇ? ಅವತ್ತು ಅದು ಪದೇ ಪದೇ ಜಾರ್ತಿತ್ತು.”

“ನೆಟ್ಟಗಿದೆ ಅಕ್ಕ. ನೀನು ಬಂದು ನೋಡು. ನಾನು ಸಾಹೇಬರನ್ನ ಕೇಳ್ತೀನಿ.”

“ಬೇಡ ಬಿಡು. ನೋಡಿದ್ರೆ ಹೊಟ್ಟೆ ಉರಿಯುತ್ತೆ. ಇದೆ ಅಲ್ವಾ? ಭದ್ರವಾಗಿ ನೋಡ್ಕೋ, ಅಷ್ಟು ಸಾಕು.”

ಭದ್ರವಾಗಿ ನೋಡಿಕೋ ಎಂದಳಲ್ಲ, ಅದೇ ಮುಳುವಾಯಿತು.

ಆ ಕಾಲಕ್ಕೆ ಸರಿಯಾಗಿ ವಿಭಾಗಕ್ಕೆ ಲ್ಯಾಮಿನೇಶನ್ ಯಂತ್ರ ಬಂತು. ಹಳೆಯ ಕಾಗದವನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಬಿಸಿಯಲ್ಲಿ ಒತ್ತಿದರೆ ಗಾಜಿನಂತೆ ಹೊಳೆಯುತ್ತಾ ಹೊರಗೆ ಬರುತ್ತಿತ್ತು. ವಿಭಾಗದ ಮುಖ್ಯಸ್ಥರಾಗಿದ್ದ ಆಗಿನ ಸಾಹೇಬರಿಗೆ ಆ ಯಂತ್ರವೆಂದರೆ ಪ್ರಾಣ. ಬಂದವರಿಗೆಲ್ಲ ತೋರಿಸಿ, “ಇನ್ನು ಇದಕ್ಕೆ ಸಾವಿಲ್ಲ ನೋಡಿ,” ಎನ್ನುತ್ತಿದ್ದರು. ದೊಡ್ಡ ದೊಡ್ಡ ಪಂಡಿತರು ತಲೆದೂಗುತ್ತಿದ್ದರು. ಪ್ಲಾಸ್ಟಿಕ್ ಹಾಳೆ ಸುಲಭಕ್ಕೆ ಸಿಗುತ್ತಿರಲಿಲ್ಲವಾದ್ದರಿಂದ ಆ ಭಾಗ್ಯ ಹಸ್ತಪ್ರತಿಗಳ ಹಾಳೆಗಳಿಗೆ ಮಾತ್ರ. ಚಿಲ್ಲರೆಗೆ ಎಲ್ಲಿಂದ ಬರಬೇಕು?

ಅಂಟಕ್ಕ ಯಾವತ್ತೂ ಯಾರ ಹತ್ತಿರವೂ ಏನೂ ಕೇಳಿದವಳಲ್ಲ. ಆವತ್ತು ಅಕ್ಕನ ಹ್ಯಾಂಡ್‌ಬಿಲ್ಲು ಹಿಡಿದು ಸಾಹೇಬರ ಮುಂದೆ ನಿಂತು, ಇದೊಂದನ್ನು ಯಂತ್ರಕ್ಕೆ ಹಾಕಿಕೊಳ್ಳಲೇ ಎಂದು ಕೇಳಿದಳು. ಯಾಕೆ, ಯಾರು ಎಂದು ಅವರು ಕೇಳಲಿಲ್ಲ. ಅವಳ ಮುಖ ನೋಡಿಯೇ, “ಹಾಕ್ಕೊಳಮ್ಮ,” ಎಂದರು. ಅವಳು ತಾನೇ ಕೈಯಾರೆ ಹ್ಯಾಂಡ್‌ಬಿಲ್ಲಿನ ಮಡಿಕೆ ಬಿಡಿಸಿ, ಧೂಳು ಒರೆಸಿ, ಪ್ಲಾಸ್ಟಿಕ್ಕಿನ ನಡುವೆ ಮಲಗಿಸಿ, ಯಂತ್ರದ ಹಿಡಿ ಎಳೆದಳು. ಫಳಫಳ ಎನ್ನುತ್ತಾ ಅಕ್ಕ ಹೊರಗೆ ಬಂದಳು. ಅದನ್ನು ಹಸ್ತಪ್ರತಿ ಹಾಳೆಗಳ ಜೊತೆ, ದೊಡ್ಡವರ ಸಾಲಿನಲ್ಲಿ, ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. ಆ ಇನ್ನೊಬ್ಬಳ ಹ್ಯಾಂಡ್‌ಬಿಲ್ಲುಗಳು ಸೆಣಬಿನ ದಾರ ಕಟ್ಟಿಸಿಕೊಂಡು ಹಿಂದಿನ ಕೋಣೆಗೆ ಹೋದವು. ಅವು ಅಲ್ಲಿ ಕೊಳೆಯಲಿ ಎಂದು ಅಂಟಕ್ಕ ಮನಸಾರೆ ಹರಸಿದ್ದಳೆಂದರೆ ಸುಳ್ಳಲ್ಲ.

ಆಮೇಲೆ ವರ್ಷಗಳು ಕಳೆದವು. ಯಂತ್ರ ಕೆಟ್ಟಿತು, ರಿಪೇರಿಯವನು ಸಿಗಲಿಲ್ಲ, ಅದರ ಮೇಲೆ ಯಾರೋ ಹೂಕುಂಡ ಇಟ್ಟರು. ಅಂಟಕ್ಕನ ಕೂದಲು ನೆರೆಯಿತು. ಉಕ್ಕಿನ ಪೆಟ್ಟಿಗೆಯನ್ನು ತೆಗೆಯುವ ಪ್ರಸಂಗವೇ ಬರಲಿಲ್ಲ. ಭದ್ರವಾಗಿರುವುದನ್ನು ಯಾರು ತೆಗೆದು ನೋಡುತ್ತಾರೆ? ಮನೆಯಲ್ಲಿ ಮಾತ್ರ ಆ ಪೆಟ್ಟಿಗೆಯ ಮಾತು ಬರದ ದಿನವಿಲ್ಲ. ಅಣ್ಣನ ಮಗ ಈಗ ಹೆಂಡತಿ ಮಗಳಿರುವ ಸಂಸಾರಸ್ಥ. ಒಳ್ಳೆಯವನೇ, ಆದರೆ ಬಾಯಿ ಚುರುಕು. ಅಕ್ಕ ಹಳೆಯ ಕತೆ ತೆಗೆದ ಕೂಡಲೇ ಹೆಂಡತಿಗೆ ಕಣ್ಣು ಮಿಟುಕಿಸುತ್ತಿದ್ದ.

“ಏಳ್ರಪ್ಪಾ ಏಳಿ, ದೊಡ್ಡತ್ತೆ ಸಿಂಹಾಸನ ಏರಿದ್ರು.”

“ನಗ್ತೀಯೇನೋ? ಚಿಕ್ಕತ್ತೆನ ಕೇಳು. ನನ್ನ ಫೋಟೋ ಯೂನಿವರ್ಸಿಟೀಲಿ ಬೀಗ ಹಾಕಿ ಇಟ್ಟಿದಾರೆ.”

“ಅಲ್ವೇ ಮತ್ತೆ? ರಾಣೀನ ಬಯಲಲ್ಲಿ ಬಿಡ್ತಾರಾ? ಚಿಕ್ಕತ್ತೆ, ಕಾವಲಿಗೆ ಎಷ್ಟು ಜನ ಸೈನಿಕರನ್ನ ಇಟ್ಟಿದೀರಿ?”

ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅಂಟಕ್ಕ ಹೌದೆಂದು ಎಷ್ಟು ಹೇಳಿದರೂ, ಅಕ್ಕನ ಮೇಲಿನ ಮೋಹಕ್ಕೆ ಹೇಳುತ್ತಾಳೆ ಎಂದೇ ಅವರ ನಂಬಿಕೆ. ಅವರನ್ನಾದರೂ ಹೇಗೆ ಬಯ್ಯುವುದು? ಸೊಂಟ ಬಗ್ಗಿದ, ದನಿ ಗೊರಗೊರ ಎನ್ನುವ, ಹೊಲಿಗೆ ಯಂತ್ರದ ಮುದುಕಿಯನ್ನು ಕಂಡು ಯಾರು ತಾನೇ ರಾಣಿ ಎನ್ನುತ್ತಾರೆ? ಅಕ್ಕನೂ ಜೊತೆಗೆ ನಗುತ್ತಿದ್ದಳು. ಅವಳಿಗೆ ಧೈರ್ಯವಿತ್ತು, ಪೆಟ್ಟಿಗೆಯಲ್ಲಿ ಸಾಕ್ಷಿ ಇದೆಯಲ್ಲ.

ಅಕ್ಕ ಹಾಸಿಗೆ ಹಿಡಿದಳು. ಡಾಕ್ಟರು ಕೈ ಚೆಲ್ಲಿದರು, ಇನ್ನು ಕೆಲವೇ ದಿನ ಎಂದರು. ಒಂದು ಮಧ್ಯಾಹ್ನ ತಂಗಿಯ ಕೈ ಹಿಡಿದುಕೊಂಡಳು.

“ಅದನ್ನ ತಂದು ತೋರಿಸೇ.”

“ಹೊಟ್ಟೆ ಉರಿಯುತ್ತೆ ಅಂತಿದ್ದೆ.”

“ನನಗಲ್ಲ ಕಣೇ. ಇವರಿಗೆ ತೋರಿಸ್ಬೇಕು. ಸಾಯೋಕೆ ಮುಂಚೆ ಒಂದ್ಸಲ ಇವರು ನಂಬ್ಬೇಕು. ಸುಳ್ಳು ಹೇಳೋ ಮುದುಕಿ ಅನ್ನಿಸ್ಕೊಂಡು ಹೋಗೋಕೆ ನನಗೆ ಇಷ್ಟ ಇಲ್ಲ.”

ಆಗ ವಿಭಾಗಕ್ಕೆ ಹೊಸ ಮೇಡಂ ಬಂದಿದ್ದರು. ವಯಸ್ಸಿನಲ್ಲಿ ಚಿಕ್ಕವರು, ಹಳೆಯ ಕಾಗದ ಕಾಪಾಡುವ ವಿದ್ಯೆಯನ್ನೇ ಓದಿ ಬಂದವರು, ದೊಡ್ಡಸ್ತಿಕೆ ಇಲ್ಲದವರು. ಅಂಟಕ್ಕ ವಿಷಯ ಹೇಳಿದಳು: ಮೂಲ ಹೊರಗೆ ಒಯ್ಯುವುದು ಬೇಡ, ಒಂದು ಪ್ರತಿ ತೆಗೆದುಕೊಟ್ಟರೆ ಸಾಕು. ಮೇಡಂ ತಕ್ಷಣ ಕೀಲಿಕೈ ತೆಗೆದುಕೊಂಡು ಎದ್ದರು. ಆದರೆ ‘ಲ್ಯಾಮಿನೇಶನ್’ ಎಂಬ ಮಾತು ಕಿವಿಗೆ ಬಿದ್ದಾಗ ಅವರ ಮುಖ ಸ್ವಲ್ಪ ಇಳಿದದ್ದನ್ನು ಅಂಟಕ್ಕ ಗಮನಿಸಲಿಲ್ಲ.

ಉಕ್ಕಿನ ಪೆಟ್ಟಿಗೆಯ ಮುಚ್ಚಳ ಎತ್ತಿದ ಕೂಡಲೇ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಮೇಡಂ ಮೂಗಿಗೆ ಕರವಸ್ತ್ರ ಹಿಡಿದರು. ಒಳಗಿದ್ದ ಹಾಳೆಗಳೆಲ್ಲ ಮುದುಡಿ, ಅಂಚು ಸುರುಳಿ ಸುತ್ತಿಕೊಂಡು, ಒಂದಕ್ಕೊಂದು ಅಂಟಿ, ಗಾಯದ ಕೀವಿನ ಬಣ್ಣಕ್ಕೆ ತಿರುಗಿದ್ದವು. ಅಂಟಕ್ಕ ನಡುವಿನಿಂದ ತನ್ನದನ್ನು ಹುಡುಕಿ ತೆಗೆದಳು. ಮುಖ ಇರಬೇಕಾದಲ್ಲಿ ಕಂದು ಬಣ್ಣದ ಮಬ್ಬು. ‘ರಾಣಿ’ ಎಂಬ ಅಕ್ಷರ ಅರ್ಧ ಕಾಣುತ್ತಿತ್ತು.

“ಬಿಡಿಸ್ಬಹುದಾ ಮೇಡಂ?”

ಮೇಡಂ ಸುಳ್ಳು ಹೇಳಲಿಲ್ಲ. “ಕಷ್ಟ ಅಂಟಕ್ಕ. ಈ ಪ್ಲಾಸ್ಟಿಕ್ ಹಳೇದಾದ್ರೆ ತಾನೇ ಆಮ್ಲ ಬಿಡುತ್ತೆ. ಒಳಗಿನ ಕಾಗದಕ್ಕೆ ಉಸಿರಾಡೋಕೂ ಜಾಗ ಇರಲ್ಲ. ಆಗ ಇದು ಯಾರಿಗೂ ಗೊತ್ತಿರ್ಲಿಲ್ಲ. ಎಲ್ಲ ಕಡೆ ಹೀಗೇ ಮಾಡಿದ್ರು. ಪ್ರಯತ್ನ ಪಡೋಣ.”

ಇಬ್ಬರೂ ಕಿಟಕಿಯ ಪಕ್ಕದ ಮೇಜಿಗೆ ಕೂತರು. ಬಟ್ಟಲಲ್ಲಿ ಔಷಧಿ, ಹತ್ತಿ, ತೆಳು ಅಲಗು. ಮೇಡಂ ಒಂದು ಮೂಲೆ ಬಿಡಿಸಿದರು. ಪ್ಲಾಸ್ಟಿಕ್ ಮೇಲೆದ್ದಿತು, ಅದರ ಜೊತೆ ಮಸಿಯೂ ಎದ್ದಿತು, ಕೆಳಗಿನ ಕಾಗದ ಬ್ರೆಡ್ಡಿನ ಪುಡಿಯಂತೆ ಉದುರಿತು. ಕಿರೀಟದ ತುದಿ ಇದ್ದ ಜಾಗ ಅದು. ಮೇಡಂ ಅಲಗು ಕೆಳಗಿಟ್ಟರು. ಮುಂದುವರಿಸಲೇ ಎಂದು ಕಣ್ಣಿನಲ್ಲೇ ಕೇಳಿದರು. ಅಂಟಕ್ಕ ಬೇಡವೆಂದು ತಲೆಯಾಡಿಸಿದಳು. ಜೀವಮಾನವಿಡೀ ಹರಿದದ್ದನ್ನು ಜೋಡಿಸಿದ ಕೈ ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ಇಡೀ ವಿಭಾಗದಲ್ಲಿ ಅವಳು ಪ್ರೀತಿಯಿಂದ ಮುಟ್ಟಿದ ಕಾಗದ ಇದೊಂದೇ, ಅವಳ ಕೈಯಲ್ಲಿ ಸತ್ತದ್ದೂ ಇದೇ.

ಆಮೇಲೆ ಅವಳು ಎದ್ದು ಹಿಂದಿನ ಕೋಣೆಗೆ ಹೋದಳು. ಯಾಕೆ ಹೋದಳು ಎಂದರೆ ಅವಳಿಗೂ ಗೊತ್ತಿರಲಿಲ್ಲ. ಕಬ್ಬಿಣದ ಹಲಗೆಯ ಮೇಲೆ ಸೆಣಬಿನ ಕಂತೆ ಹಾಗೇ ಇತ್ತು, ಮೇಲೆ ಒಂದು ಪದರ ಧೂಳು. ದಾರ ಬಿಚ್ಚಿದಳು. ಆ ಇನ್ನೊಬ್ಬಳು, ಸ್ವಲ್ಪ ಕಂದಿದ್ದಳು, ಅಷ್ಟೇ. ಯಾರೂ ಮುಟ್ಟದೆ, ಯಾರೂ ಕಾಪಾಡದೆ, ಎಷ್ಟು ಹಾಯಾಗಿದ್ದಳು! ಅದೇ ಕಿರೀಟ, ಅದೇ ಒಡವೆ, ಕೆಳಗೆ ಅದೇ ‘ನಮ್ಮ ಕಂಪನಿಯ ರಾಣಿ’. ದುಂಡು ಮುಖ, ಚೂಪು ಮೂಗು, ಆಳವಾದ ಕಣ್ಣು. ಹೊಟ್ಟೆಕಿಚ್ಚು ಬದಿಗಿಟ್ಟು ಹೇಳುವುದಾದರೆ, ಚೆಲುವೆ.

ಅಕ್ಕನ ಕಣ್ಣಿಗೆ ಪೊರೆ ಬಂದಿತ್ತು. ಬಾಗಿಲಲ್ಲಿ ನಿಂತವರು ಯಾರೆಂದು ದನಿಯಿಂದಲೇ ಗುರುತು ಹಿಡಿಯುತ್ತಿದ್ದಳು. ಉಳಿದವರಾರೂ ಅವಳ ಹರೆಯದ ಮುಖ ಕಂಡವರಲ್ಲ. ಅಂಟಕ್ಕ ಅದನ್ನೇ ಯೋಚಿಸುತ್ತಾ ಬಹಳ ಹೊತ್ತು ನಿಂತಳು. ನಂತರ ಆ ಹ್ಯಾಂಡ್‌ಬಿಲ್ಲನ್ನು ಮೇಡಂ ಮುಂದೆ ಇಟ್ಟು, “ಇದರದೇ ಒಂದು ಪ್ರತಿ ತೆಗೆದುಕೊಡಿ,” ಎಂದಳು. ಮೇಡಂ ಅವಳನ್ನೇ ನೋಡಿದರು. ಆಮೇಲೆ ತೆಗೆದುಕೊಟ್ಟರು.

ಮನೆಯಲ್ಲಿ ಆ ಸಂಜೆ ಎಲ್ಲರೂ ಇದ್ದರು. ಅಣ್ಣನ ಮಗ ಚಿತ್ರ ಕೈಗೆ ತೆಗೆದುಕೊಂಡವನು ಬಾಯಿ ತೆರೆದ ಹಾಗೇ ಇದ್ದ. 

“ದೊಡ್ಡತ್ತೆ... ಇದು ನೀವಾ?”

ಸೊಸೆ ಬಗ್ಗಿ ನೋಡಿ, “ಅಯ್ಯೋ, ಎಷ್ಟು ಚೆನ್ನಾಗಿದೀರಿ ಅತ್ತೆ!” ಎಂದಳು. ಅವಳ ಕಣ್ಣಲ್ಲಿ ನೀರು ಬಂತು. ಪುಟ್ಟ ಮಗಳು ಮಂಚ ಹತ್ತಿ, ದೊಡ್ಡಜ್ಜಿ ನಿಜವಾಗ್ಲೂ ರಾಣಿನಾ ಎಂದು ಕೇಳಿದಳು. ಅಣ್ಣನ ಮಗ ಮಂಚದ ಪಕ್ಕ ನೆಲದ ಮೇಲೆ ಕೂತು ಅಕ್ಕನ ಕಾಲು ಹಿಡಿದುಕೊಂಡ.

“ನಾನು ದಡ್ಡ ಅತ್ತೆ. ಇಷ್ಟು ವರ್ಷ ನಿಮ್ಮನ್ನ ಗೋಳು ಹೊಯ್ಕೊಂಡೆ. ತಪ್ಪಾಯ್ತು.”

ಅಕ್ಕ ಚಿತ್ರವನ್ನು ಕಣ್ಣಿನ ಹತ್ತಿರಕ್ಕೆ ಹಿಡಿದಳು. ಇನ್ನೂ ಹತ್ತಿರ. ಆ ಕಣ್ಣಿನಿಂದ ಈ ಕಣ್ಣಿಗೆ ಬದಲಿಸಿದಳು.  ಕೊನೆಗೆ ಅಕ್ಕ ಚಿತ್ರವನ್ನು ಎದೆಯ ಮೇಲೆ ಇಟ್ಟುಕೊಂಡು, ನೆಟ್ಟಗೆ ಕೂರಿಸಿ ಎಂದಳು. ದಿಂಬು ಆನಿಸಿ ಕೂರಿಸಿದರು. ಕತ್ತು ಎತ್ತಿದಳು, ಎಡಹುಬ್ಬು ಮೇಲೇರಿತು.

“ಹೌದು ಕಣೋ,” ಎಂದಳು. “ನಾನೇ.”

ಅವರೆಲ್ಲ ಅಡುಗೆಮನೆಗೆ ಹೋದ ಮೇಲೆ ಅಕ್ಕ ತಂಗಿಯನ್ನು ಹತ್ತಿರ ಕರೆದಳು.

“ಚಾಮರ ಬೀಸ್ತಾ ಇವಳ ಪಕ್ಕ ಎಷ್ಟು ದಿನ ನಿಂತಿದ್ದೆ ಗೊತ್ತಾ? ಕಣ್ಣು ಕುರುಡಾದ್ರೂ ಈ ಮೂಗು ಮರೆಯಲ್ಲ ಕಣೇ. ನಂದು ಏನಾಯ್ತು?”

ಅಂಟಕ್ಕ ಹೇಳಿದಳು. ಯಂತ್ರ, ಪ್ಲಾಸ್ಟಿಕ್, ಹುಳಿ ವಾಸನೆ, ಪುಡಿಯಾದ ಕಿರೀಟ, ಒಂದನ್ನೂ ಮುಚ್ಚಿಡಲಿಲ್ಲ. ತನ್ನ ಕೈಯಾರೆ ಮಾಡಿದ್ದು ಎಂದೂ ಹೇಳಿದಳು. ಅಕ್ಕ ಸ್ವಲ್ಪ ಹೊತ್ತು ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ಅಳುವಾಯಿತು.

“ಅಪ್ಪ ಸಿಟ್ಟಲ್ಲಿ ಸುಟ್ಟ. ನೀನು ಪ್ರೀತಿಯಲ್ಲಿ ಸುಟ್ಟೆ. ಹೋಗ್ಲಿ ಬಿಡು.”

“ಆದ್ರೂ ಅವರು ನಂಬಿದ್ರಲ್ಲ ಅಕ್ಕ.”

“ಅವರು ನಂಬಿದ್ದು ಅವಳನ್ನ ಕಣೇ, ನನ್ನನ್ನಲ್ಲ.” ಅಕ್ಕ ಗೋಡೆಯ ಕಡೆ ಹೊರಳಿದಳು. “ನಾನು ಒಪ್ಪಿಕೊಂಡಾಗಿದೆ. ನೀನು ಈಗ ಬಾಯಿ ಬಿಡ್ಬೇಡ. ನಾನು ಸತ್ತಮೇಲೂ ಬಿಡ್ಬೇಡ. ಆ ಹುಡುಗ ನನ್ನ ಕಾಲು ಹಿಡ್ಕೊಂಡ, ಅದಷ್ಟಾದ್ರೂ ನಂಗೆ ಇರ್ಲಿ.”

ಅದಾದ ಮೇಲೆ ಅಕ್ಕ ಕಂಪನಿಯ ಕತೆ ಹೇಳಲಿಲ್ಲ. ಈಗ ಅವರೇ ಕೇಳುತ್ತಿದ್ದರು; ಸುಸ್ತು ಎಂದು ಕಣ್ಣು ಮುಚ್ಚುತ್ತಿದ್ದಳು. ಚಿತ್ರ ತಲೆದಿಂಬಿನ ಪಕ್ಕದ ಗೋಡೆಯಲ್ಲಿ ನಗುತ್ತಿತ್ತು. ಜಾಗ ಕಿತ್ತುಕೊಂಡವಳು ಕಡೆಯ ದಿನಗಳಲ್ಲೂ ಅವಳ ತಲೆಯ ಮೇಲೇ ಕೂತಿದ್ದಳು.

ಅಕ್ಕ ತೀರಿಕೊಂಡ ಬೆಳಗ್ಗೆ ಅಣ್ಣನ ಮಗ ಆ ಚಿತ್ರ ತೆಗೆದುಕೊಂಡು ಸ್ಟುಡಿಯೋಗೆ ಓಡಿದ. ಗುರುತಿನ ಚೀಟಿಯ ಫೋಟೋ ಒಂದಿತ್ತು, ಆದರೆ ಅದರಲ್ಲಿ ಯಾರೇ ಆದರೂ ಕದ್ದು ಸಿಕ್ಕಿಬಿದ್ದವರ ಹಾಗೆ ಕಾಣುತ್ತಾರೆ. ದೊಡ್ಡತ್ತೆಯನ್ನು ಹಾಗೆ ಕಳಿಸಲು ಅವನಿಗೆ ಮನಸ್ಸಿಲ್ಲ. ಬಾಗಿಲಗಲದ ಚಿತ್ರ ಮಾಡಿಸಿ, ಚೌಕಟ್ಟು ಹಾಕಿಸಿ, ಹಾಲಿನಲ್ಲಿ ಕುರ್ಚಿಯ ಮೇಲೆ ಇಟ್ಟ. ಧೂಳು ಕೂರಬಾರದೆಂದು ಮೇಲೆ ಪ್ಲಾಸ್ಟಿಕ್ಕನ್ನೂ ಒತ್ತಿಸಿದ್ದ. ಬಂದವರೆಲ್ಲ ಕೆಳಗೆ ಮಲಗಿಸಿದ್ದ ಮುದುಕಿಯನ್ನು ಒಮ್ಮೆ ನೋಡಿ, ಚಿತ್ರದ ಮುಂದೆ ಬಹಳ ಹೊತ್ತು ನಿಲ್ಲುತ್ತಿದ್ದರು. ನಮಗೆ ಗೊತ್ತೇ ಇರಲಿಲ್ಲ ಎನ್ನುತ್ತಿದ್ದರು. ಹೂವೆಲ್ಲ ಕುರ್ಚಿಯ ಕಾಲಿನ ಹತ್ತಿರ ಬೀಳುತ್ತಿತ್ತು.

ಗ್ರಂಥಾಲಯದ ಮೇಡಂ ಬಂದರು. ಚಿತ್ರ ನೋಡಿದರು, ಅಂಟಕ್ಕನನ್ನು ನೋಡಿದರು. ಅವಳ ಹೆಗಲು ಮುಟ್ಟಿ ಹೋದರು.

ಅಂಟಕ್ಕ ಅಕ್ಕನ ತಲೆಯ ಹತ್ತಿರ ನೆಲದ ಮೇಲೆ ಕೂತಿದ್ದಳು. ಅಗಲ ಹಣೆಯ ಮೇಲಿನ ಕೂದಲು ಸರಿಸುತ್ತಿದ್ದಳು. ಎಡಹುಬ್ಬು ಈಗ ಕೆಳಗಿಳಿದು ಬಲಹುಬ್ಬಿಗೆ ಸಮನಾಗಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಈ ಮುಖವನ್ನೂ ಒಯ್ಯುತ್ತಾರೆ. ಆಮೇಲೆ ಹರೆಯದ ಆ ರಾಣಿಯ ಮುಖ ಇರುವುದು ಅವಳ ತಲೆಯೊಳಗೆ ಮಾತ್ರ, ಆ ತಲೆಗೂ ವಯಸ್ಸಾಗಿದೆ.

ಸೊಸೆ ಪುಟ್ಟ ಮಗಳನ್ನು ಎತ್ತಿಕೊಂಡು ಬಂದು ಚಿತ್ರದ ಪಕ್ಕಕ್ಕೆ ಹಿಡಿದಳು. ಅತ್ತು ಅತ್ತು ಅವಳ ಮುಖ ಊದಿತ್ತು.

“ಚಿಕ್ಕತ್ತೆ, ಇಲ್ಲಿ ನೋಡಿ. ನಾನು ಆವತ್ತಿಂದ ಅಂದ್ಕೊತಿದ್ದೆ. ಇವಳಿಗೆ ದೊಡ್ಡತ್ತೆ ಮೂಗೇ ಬಂದಿದೆ, ಅಲ್ವಾ?”

ಅಂಟಕ್ಕ ತಲೆ ಎತ್ತಿದಳು. ಪ್ಲಾಸ್ಟಿಕ್ಕಿನೊಳಗಿಂದ ಆ ಇನ್ನೊಬ್ಬಳು ಚೂಪು ಮೂಗಿನಲ್ಲಿ ನಗುತ್ತಿದ್ದಳು. ಮಗುವೂ ನಗುತ್ತಿತ್ತು.

“ಹೌದಮ್ಮ,” ಎಂದಳು ಅಂಟಕ್ಕ. “ಅದೇ ಮೂಗು.”